ಮಂಗನ ಲೆಕ್ಕ, ಪತಂಗದ ಲೆಕ್ಕ

(ಹೋಬಳಿ ಮಟ್ಟದ ರೈತರ ಸಭೆಯಲ್ಲಿ ಆಡಿದ ಮಾತುಗಳನ್ನು ಓದುಗರಿಗಾಗಿ ಬರೆದು ಕೊಟ್ಟದ್ದು)



ಮಂಗನ ಕಾಟದ ಬಗ್ಗೆ ನಾಲ್ಕು ಮಾತು ಆಡಿ ಅಂತ ನನ್ನನ್ನು ಕರೆದಿದ್ದೀರಿ. ಆಡುತ್ತೇನೆ. ಆದರೆ ಮಂಗನ ಜೊತೆಗೆ ಇನ್ನೊಂದು ಜೀವಿಯ ವಿಚಾರವನ್ನೂ ತಂದಿದ್ದೇನೆ. ಅದು ಕೂಗುವುದಿಲ್ಲ, ಹೆಂಚು ಒಡೆಯುವುದಿಲ್ಲ, ಹಗಲಲ್ಲಿ ಕಣ್ಣಿಗೂ ಬೀಳುವುದಿಲ್ಲ. ಮೆಕ್ಕೆಜೋಳ ಬೆಳೆಯುವ ನಿಮಗೆಲ್ಲ ಅದರ ಮಕ್ಕಳ ಪರಿಚಯ ಚೆನ್ನಾಗಿಯೇ ಇದೆ. ಸುಳಿಯೊಳಗೆ ಕೂತು ಎಲೆ ತಿಂದು ಲದ್ದಿ ತುಂಬಿಸುತ್ತದಲ್ಲ, ಆ ಸೈನಿಕ ಹುಳು. ಅದರ ತಾಯಿಯನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಬೂದು ಬಣ್ಣದ ಒಂದು ಸಣ್ಣ ಪತಂಗ. ದೀಪಕ್ಕೆ ಬಂದು ಬಿದ್ದರೂ ಯಾವುದೋ ಹುಳ ಅಂತ ಗುಡಿಸಿ ಹೊರಗೆ ಹಾಕುತ್ತೇವೆ.

ಈ ಮಂಗ, ಈ ಪತಂಗ, ಇವೆರಡರಲ್ಲಿ ಯಾವುದು ನಮ್ಮನ್ನು ಹೆಚ್ಚು ತಿಂದಿದೆ? ಇದನ್ನು ನಾನು ತಮಾಷೆಗೆ ಕೇಳುತ್ತಿಲ್ಲ. ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಒಂದು ಕೆಟ್ಟ ಸಂಜೆ.

2021ರಲ್ಲಿ, ಶಿವರಾತ್ರಿಗೆ ಸ್ವಲ್ಪ ಮುಂಚೆ. ನಮ್ಮೂರ ಅಶ್ವತ್ಥಕಟ್ಟೆಯ ಮೇಲೆ ಹನ್ನೆರಡು ಜನ ಸೇರಿದ್ದೆವು. ಆ ವರ್ಷ ಬಾಳೆ, ತೆಂಗು, ಎಳೆ ಅಡಿಕೆ ಯಾವುದನ್ನೂ ಮಂಗಗಳು ಬಿಟ್ಟಿರಲಿಲ್ಲ. ಒಬ್ಬರು ಹೇಳಿದರು: "ಬಾಳೆಹಣ್ಣಿಗೆ ಜೋಳದ ಹುಳದ ಔಷಧಿ ಸವರಿ ಕಾನಿನ ಅಂಚಿಗೆ ಇಟ್ಟರಾಯ್ತು. ಒಂದು ದಿನದ ಕೆಲಸ." ಕೈ ಎತ್ತಿ ಅಂದರು. ಎತ್ತಿದವರಲ್ಲಿ ನಾನೂ ಒಬ್ಬ. ಔಷಧಿ ಯಾರ ಮನೆಯಲ್ಲಿ ಉಳಿದಿದೆ ಅಂದಾಗ ನಮ್ಮ ಮನೆಯಲ್ಲಿ ಅರ್ಧ ಬಾಟಲಿ ಇದೆ ಅಂತ ನಾನೇ ಬಾಯಿಬಿಟ್ಟೆ. ತರಲು ಮನೆಗೆ ಹೋದೆ.

ಅಟ್ಟದ ಮೂಲೆಯಲ್ಲಿ ಬಾಟಲಿ ಇತ್ತು. ಅದರ ಕುತ್ತಿಗೆಗೆ ಗೊಬ್ಬರದ ಅಂಗಡಿಯ ಚೀಟಿ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿಕೊಂಡಿತ್ತು. ನೋಡಿದರೆ, ಹಿಂದಿನ ಮುಂಗಾರಿನ ಉದ್ರಿ. ಬೆಳೆ ಮಾರಿ ಮೂರು ತಿಂಗಳಾದರೂ ತೀರಿಸಿರಲಿಲ್ಲ. ದುಡ್ಡು ಕೊಡದ ಬಾಟಲಿಯನ್ನು ಹಿಡಿದುಕೊಂಡು ಮಂಗ ಕೊಲ್ಲಲು ಹೊರಟಿದ್ದೆ! ನಮ್ಮ ಮನೆಯವಳು ಏನ್ರೀ ಅದು ಅಂತ ಕೇಳಿದಳು. ಹೇಳಿದೆ. "ಈಗ ಮರಿ ಹಾಕೋ ಕಾಲ. ಹೊಟ್ಟೆಗೆ ಮರಿ ಕಟ್ಟಿಕೊಂಡವೂ ತಿಂತಾವೆ ಕಣ್ರೀ" ಅಂದಳು. ನಾನು ಕಟ್ಟೆಗೆ ತಿರುಗಿ ಹೋಗಲಿಲ್ಲ. ಇದರಿಂದ ನನ್ನನ್ನು ಧರ್ಮಾತ್ಮ ಅಂತ ತಿಳಿಯಬೇಡಿ. ಹೆದರಿದೆ, ಅಷ್ಟೆ. ಉಳಿದವರೂ ಸ್ವಲ್ಪ ಹೊತ್ತು ಕಾದು ಎದ್ದು ಹೋದರು. ಇಡುವ ಕೈ ತನ್ನದಾಗಲಿ ಅಂತ ಯಾರಿಗೂ ಇರಲಿಲ್ಲ. ಅದೇ ವರ್ಷ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲೂಕಿನಲ್ಲಿ 38 ಮಂಗಗಳ ಹೆಣಗಳು ರಸ್ತೆಬದಿಯಲ್ಲಿ ಚೀಲಗಳಲ್ಲಿ ಸಿಕ್ಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಆ ವಾರ ನಮ್ಮ ಹನ್ನೆರಡು ಜನರಲ್ಲಿ ಒಬ್ಬರೂ ಕಟ್ಟೆಯ ಕಡೆ ಬರಲಿಲ್ಲ.

ಅಂದಿನಿಂದ ನಾನು ಒಂದು ಪುಸ್ತಕ ಇಟ್ಟೆ. ಎಡಪುಟಕ್ಕೆ ಮಂಗ, ಬಲಪುಟಕ್ಕೆ ಹುಳ. ಅದರ ಲೆಕ್ಕವನ್ನು ಆಮೇಲೆ ಹೇಳುತ್ತೇನೆ. ಮೊದಲು ಎರಡೂ ಎಂಥ ಪ್ರಾಣಿಗಳು ಅಂತ ತಿಳಿದುಕೊಳ್ಳೋಣ. ವೈರಿಯ ಗುಣ ತಿಳಿಯದೆ ಖರ್ಚಿಗೆ ಇಳಿಯುವುದು ನಮ್ಮ ಹಳೆಯ ರೋಗ.

ನಾನು ಹೇಳುವ ಮಂಗ ಕಪ್ಪು ಮುಖದ ಮುಸುವ ಅಲ್ಲ, ಘಟ್ಟದ ಸಿಂಗಳೀಕವೂ ಅಲ್ಲ. ದೇವಸ್ಥಾನದ ಹತ್ತಿರ, ರಸ್ತೆಬದಿಯಲ್ಲಿ, ನಮ್ಮ ಹಂಚಿನ ಮೇಲೆ ಕೂರುವ ಕೆಂಪು ಮುಖದ ಸಾಮಾನ್ಯ ಕೋತಿ. ನೆತ್ತಿಯ ಕೂದಲು ಟೊಪ್ಪಿಗೆ ಇಟ್ಟ ಹಾಗೆ ಸುತ್ತಲೂ ಹರಡಿರುತ್ತದೆ. ಅದಕ್ಕೇ ಇಂಗ್ಲಿಷಿನವರು ಬಾನೆಟ್ ಮಕಾಕ್ ಅಂದರು. ಈ ಜಾತಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಹುಟ್ಟುವುದಿಲ್ಲ. ನಾವು ನೀವು ಇಲ್ಲಿನವರು ಎಷ್ಟೋ, ಅದೂ ಅಷ್ಟೇ ಇಲ್ಲಿನದು.

ಪತಂಗ ಹಾಗಲ್ಲ. ಅದರ ಊರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕದ ಪಶ್ಚಿಮ ಭಾಗದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಇಂಡಿಯಾದಲ್ಲೇ ಮೊದಲ ಬಾರಿಗೆ ಸಿಕ್ಕಿದ್ದು ಎಲ್ಲಿ ಅಂತೀರಿ? ನಮ್ಮ ಶಿವಮೊಗ್ಗದಲ್ಲಿ. ಇಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು ಮೆಕ್ಕೆಜೋಳದ ಹೊಲದಲ್ಲಿ ಗುರುತಿಸಿದರು. ಮುಂದಿನ ವರ್ಷ ಚೀನಾ ದೇಶಕ್ಕೆ ಮುಟ್ಟಿತ್ತು, 2020ಕ್ಕೆ ಆಸ್ಟ್ರೇಲಿಯಕ್ಕೆ. ಗಾಳಿ ಸಿಕ್ಕರೆ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರುವ ಪ್ರಾಣಿ ಅದು. ನಮ್ಮ ಮಂಗ ಹುಟ್ಟಿದ ಕಾನಿನಿಂದ ನಾಲ್ಕು ಮೈಲಿ ಆಚೆ ಹೋದರೆ ಇನ್ನೊಂದು ಹಿಂಡಿನ ಕೈಯಲ್ಲಿ ಕಚ್ಚಿಸಿಕೊಂಡು ಬರುತ್ತದೆ.

ಶಿವಮೊಗ್ಗ ಜಿಲ್ಲೆಗೆ ಇಂಥ ಮೊದಲ ಸ್ಥಾನಗಳು ಹಳೆಯವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡದ್ದು ಹಿರಿಯರಿಗೆ ನೆನಪಿರಬಹುದು. ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಮಂಗನೇ ರೋಗ ಹಚ್ಚುತ್ತದೆ ಅಂತ ಇವತ್ತಿಗೂ ಅನ್ನುವವರು ಇದ್ದಾರೆ. ಹಚ್ಚುವುದು ಉಣ್ಣೆ. ಮಂಗ ನಮ್ಮ ಹಾಗೆ ಅದರಿಂದ ಸಾಯುವ ಪ್ರಾಣಿ. ಹೆಸರು ಮಾತ್ರ ಅದರ ತಲೆಗೆ ಕಟ್ಟಿದ್ದೇವೆ.

ಈಗ ಸಂತಾನದ ವಿಚಾರಕ್ಕೆ ಬರೋಣ. ಹೆಣ್ಣು ಮಂಗ ಮೊದಲ ಮರಿ ಹಾಕುವುದಕ್ಕೆ ಸುಮಾರು ನಾಲ್ಕು ವರ್ಷ ಬೇಕು. ಐದೂವರೆ ತಿಂಗಳು ಬಸಿರು. ಒಂದು ಸಲಕ್ಕೆ ಒಂದೇ ಮರಿ. ಪತಂಗದ ಹೆಣ್ಣು ಎಲೆಯ ಮೇಲೆ ಒಂದೊಂದು ಗುಂಪಿಗೆ ನೂರು, ಇನ್ನೂರು ಮೊಟ್ಟೆಯಿಟ್ಟು, ತನ್ನ ಮೈಯ ಧೂಳಿನಂಥ ಕೂದಲಿನಿಂದ ಮುಚ್ಚುತ್ತದೆ. ಹತ್ತು ಹನ್ನೆರಡು ದಿನದ ಆಯುಸ್ಸಿನಲ್ಲಿ ಸಾವಿರ ಮೊಟ್ಟೆ ದಾಟುವುದು ಅದಕ್ಕೆ ದೊಡ್ಡ ಮಾತಲ್ಲ. ಎರಡು ಮೂರು ದಿನಕ್ಕೆ ಮರಿಹುಳ. ಹದಿನೈದು ಇಪ್ಪತ್ತು ದಿನ ತಿಂದು, ಮಣ್ಣಿಗೆ ಇಳಿದು ಕೋಶವಾಗಿ, ಬಿತ್ತನೆ ಕಾಲದ ಸೆಕೆಯಲ್ಲಿ ಒಂದು ತಿಂಗಳಿಗೆಲ್ಲ ಮತ್ತೆ ಪತಂಗ. ನಮ್ಮ ಜೋಳ ಹೊಲದಲ್ಲಿ ನಿಲ್ಲುವುದು ನೂರಹತ್ತು, ನೂರಿಪ್ಪತ್ತು ದಿನ. ಅಷ್ಟರಲ್ಲಿ ಅದು ಅಜ್ಜಿ, ತಾಯಿ, ಮಗಳು ಮೂರು ತಲೆಮಾರು ನೋಡಿ ಮುಗಿಸುತ್ತದೆ. ಅದೃಷ್ಟಕ್ಕೆ ಆ ಹುಳಗಳಿಗೆ ತಮ್ಮತಮ್ಮಲ್ಲೇ ತಿನ್ನುವ ಗುಣ ಇದೆ; ಒಂದು ಸುಳಿಯಲ್ಲಿ ಕೊನೆಗೆ ದೊಡ್ಡದೊಂದೇ ಉಳಿಯುವುದು ಹೆಚ್ಚು. ಇಲ್ಲದಿದ್ದರೆ ನಮಗೆ ಸೊಪ್ಪೆಯೂ ಸಿಗುತ್ತಿರಲಿಲ್ಲ.

ಇದರ ಅರ್ಥ ಏನು? ಮಂಗದ ವಿಚಾರದಲ್ಲಿ ನಾವು ಇವತ್ತು ಸುಮ್ಮನಿದ್ದರೆ ಮುಂದಿನ ವರ್ಷ ಮೂವತ್ತು ಇದ್ದದ್ದು ಮೂವತ್ತೈದು ಆದೀತು. ಪತಂಗದ ವಿಚಾರದಲ್ಲಿ ಬಿತ್ತಿ ಹದಿನೈದನೆಯ ದಿನ ಹೊಲಕ್ಕೆ ಹೋಗದೆ ಮದುವೆ ಮನೆಗೆ ಹೋದರೆ ಆ ಬೆಳೆಯ ಕಥೆ ಅಲ್ಲಿಗೇ ಮುಗಿಯಿತು. ಆದರೆ ನಾವು ಮಾಡುವುದು ತಿರುಗಾ ಮುರುಗಾ. ಮಂಗ ಕಂಡ ತಕ್ಷಣ ಗರ್ನಾಲು, ಕವಣೆ, ಕೂಗಾಟ, ಹುಳಕ್ಕೆ "ನೋಡೋಣ, ಮಳೆ ಬಂದರೆ ತೊಳೆದು ಹೋದೀತು."

ಎರಡೂ ಕಲಿಯುವ ಪ್ರಾಣಿಗಳೇ ಅಂತ ನನಗೆ ಅನ್ನಿಸಿದೆ. ಮಂಗ ತನ್ನ ತಲೆಯಲ್ಲಿ ಕಲಿಯುತ್ತದೆ. ಬೆದರುಗೊಂಬೆ ನಿಲ್ಲಿಸಿದರೆ ಎರಡು ದಿನ ದೂರ ನಿಲ್ಲುತ್ತದೆ, ಮೂರನೆಯ ದಿನ ಗೊಂಬೆಯ ಹೆಗಲ ಮೇಲೆ ಕೂತು ತೆನೆ ಸುಲಿಯುತ್ತದೆ. ಮಲೆನಾಡಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ನಗಬೇಡಿ, ಅವರ ಕಷ್ಟ ಅವರಿಗೇ ಗೊತ್ತು. ನಾನು ಪೇಟೆಯಿಂದ ಹುಲಿಯ ಗೊಂಬೆಯನ್ನೇ ತಂದಿದ್ದೆ. ಎಂಟನೆಯ ದಿನಕ್ಕೆ ಅದರ ಒಂದು ಕಿವಿ ಕಿತ್ತು ಕೆಳಗೆ ಬಿದ್ದಿತ್ತು. ಮಂಗಕ್ಕೆ ಯಾವ ಮನೆಯಲ್ಲಿ ಗಂಡಸರಿಲ್ಲ, ಯಾವ ನಾಯಿ ಕಟ್ಟಿದೆ, ಯಾವ ದಿನ ಸಂತೆ ಎಂಬುದೂ ಗೊತ್ತು.

ಪತಂಗದ ತಲೆಯಲ್ಲಿ ಅಂಥದ್ದೇನೂ ಇಲ್ಲ. ಅದು ಸತ್ತು ಕಲಿಯುತ್ತದೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದಾಗ ನೂರರಲ್ಲಿ ತೊಂಬತ್ತೆಂಟು ಸತ್ತು ಎರಡು ಉಳಿದವು ಅನ್ನಿ. ಮುಂದಿನ ತಲೆಮಾರು ಆ ಎರಡರ ಮಕ್ಕಳು. ಅವಕ್ಕೆ ಆ ಔಷಧಿ ಅಷ್ಟು ನಾಟುವುದಿಲ್ಲ. ನಾವು ಪ್ರಮಾಣ ಹೆಚ್ಚಿಸುತ್ತೇವೆ, ಎರಡು ಔಷಧಿ ಕೂಡಿಸುತ್ತೇವೆ. ಅಂಗಡಿಯವರು "ಹೊಸದು ಬಂದಿದೆ" ಅಂತ ಇನ್ನೂ ಬೆಲೆಯದನ್ನು ಕೊಡುತ್ತಾರೆ. ಹತ್ತಿಯ ಕಾಯಿಕೊರಕದಲ್ಲಿ ನಮ್ಮ ಬಯಲುಸೀಮೆಯ ಬಂಧುಗಳು ಈ ಪಾಠವನ್ನು ನಮಗಿಂತ ಮೊದಲೇ ಓದಿ, ಬಹಳ ದೊಡ್ಡ ಫೀಜು ಕಟ್ಟಿದ್ದಾರೆ. ಮಂಗನ ವಿದ್ಯೆ ನಮ್ಮ ಬೆಳೆ ತಿನ್ನುತ್ತದೆ. ಪತಂಗದ ವಿದ್ಯೆ ನಮ್ಮ ಸಾಲದ ಚೀಟಿಯನ್ನು ಉದ್ದ ಮಾಡುತ್ತದೆ.

ಇನ್ನು ಮಂಗ ಯಾಕೆ ಹೊಲಕ್ಕೆ ಇಳಿಯಿತು ಎಂಬುದು. ಮಂಗಗಳು ವಿಪರೀತ ಹೆಚ್ಚಾಗಿವೆ ಅಂತ ನೀವು ಹೇಳುತ್ತೀರಿ. ನನ್ನ ಹೊಲದಲ್ಲಿ ನಿಂತು ನೋಡಿದರೆ ನನಗೂ ಹಾಗೇ ಕಾಣುತ್ತದೆ. ಆದರೆ ಮೈಸೂರಿನ ಸಂಶೋಧಕರು ರಸ್ತೆಬದಿಯ ಮಂಗಗಳನ್ನು ವರ್ಷಗಟ್ಟಲೆ ಎಣಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ. ಅವರು ನೋಡಿದ ದಕ್ಷಿಣದ ಕೆಲವು ಭಾಗಗಳಲ್ಲಿ ಇಪ್ಪತ್ತೈದು ವರ್ಷದಲ್ಲಿ ಈ ಮಂಗ ಶೇಕಡ 65ಕ್ಕಿಂತ ಹೆಚ್ಚು ಕಡಿಮೆಯಾಗಿದೆ. ಕಾರಣ ಹುಡುಕಿದರೆ, ಸಾಲುಮರ. ರಸ್ತೆ ಅಗಲ ಮಾಡಲು ಆಲ, ಅತ್ತಿ, ಬಸರಿ, ಹಿಪ್ಪೆ ಎಲ್ಲ ಹೋದವು. ಮರ ಹೋದ ಮೇಲೆ ಅಲ್ಲಿದ್ದ ಹಿಂಡು ಒಂದೋ ಸತ್ತಿತು, ಇಲ್ಲ ನಮ್ಮ ನಿಮ್ಮ ಮನೆಯ ಹತ್ತಿರ ಬಂತು. ಕಾನಿನಲ್ಲೂ ಅದೇ ಕಥೆ. ನೇರಳೆ, ಹಲಸು ಇದ್ದ ಗುಡ್ಡದಲ್ಲಿ ಅಕೇಶಿಯ ನಿಂತಿದೆ. ಅದರ ಕೆಳಗೆ ಮಂಗ ತಿನ್ನುವುದೇನು? ಇದರ ಮೇಲೆ ಪಟ್ಟಣದವರು ತಮ್ಮ ಬೀದಿಯ ಮಂಗಗಳನ್ನು ಹಿಡಿಸಿ, ರಾತ್ರಿ ಲಾರಿಯಲ್ಲಿ ತಂದು ನಮ್ಮ ಕಾಡಂಚಿಗೆ ಬಿಟ್ಟು ಹೋಗುವುದು. ಅಂಥ ಮಂಗಕ್ಕೆ ಕಾಡಿನ ಹಣ್ಣು ಗೊತ್ತಿಲ್ಲ, ಬಾಗಿಲು ತೆರೆಯುವುದು ಗೊತ್ತು. ನಮ್ಮ ಅಡುಗೆಮನೆಯ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದ ಮಂಗ ನಮ್ಮ ಕಾನಿನದಲ್ಲ ಅಂತ ನಾನು ಆಣೆ ಮಾಡಿ ಹೇಳಬಲ್ಲೆ.

ಸರ್ಕಾರದ ಕಣ್ಣಿಗೆ ಇವೆರಡೂ ಹೇಗೆ ಕಾಣುತ್ತವೆ ನೋಡಿ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ ಒಂದರಿಂದ ಜಾರಿಗೆ ಬಂತು. ಅದರಲ್ಲಿ ನಮ್ಮ ಮಂಗ ಒಂದನೆಯ ಪಟ್ಟಿಗೆ ಏರಿತು, ಅಂದರೆ ಹುಲಿ, ಆನೆ ಇರುವ ಪಟ್ಟಿ. ಉತ್ತರದ ಕೆಂಪು ಕೋತಿಯನ್ನು ಪಟ್ಟಿಯಿಂದಲೇ ಕೈಬಿಟ್ಟರು. ಕೇರಳ ಸರ್ಕಾರ 2025ರಲ್ಲಿ ನಮ್ಮ ಈ ಮಂಗನನ್ನು ಒಂದನೆಯ ಪಟ್ಟಿಯಿಂದ ಇಳಿಸಿ ಅಂತ ಕೇಂದ್ರವನ್ನು ಕೇಳಿತು. ಕೇಳಲಿ, ತಪ್ಪಿಲ್ಲ. ಆದರೆ ಪಟ್ಟಿ ಬದಲಾದರೆ ನನ್ನ ಹೊಲದ ಅಂಚು ಉಳಿಯುತ್ತದೆ ಎಂಬ ನಂಬಿಕೆ ನನಗಿಲ್ಲ. ಒಂದು ಹಿಂಡನ್ನು ತೆಗೆದರೆ ಆ ಜಾಗಕ್ಕೆ ಪಕ್ಕದ ಹಿಂಡು ಬರುತ್ತದೆ. ಖಾಲಿ ಬಿದ್ದ ಗೋಮಾಳ ಎಷ್ಟು ದಿನ ಖಾಲಿ ಉಳಿಯುತ್ತದೆ ಅಂತ ನಿಮಗೇ ಗೊತ್ತು. ಪತಂಗವನ್ನು ಕೊಲ್ಲಬೇಡಿ ಎನ್ನುವ ಕಾನೂನು ಎಲ್ಲೂ ಇಲ್ಲ. ಎಷ್ಟು ಬೇಕಾದರೂ ಕೊಲ್ಲಬಹುದು, ದುಡ್ಡು ಇದ್ದರೆ.

ಈಗ ಪುಸ್ತಕದ ಲೆಕ್ಕ. 2022ರ ಮುಂಗಾರು. ನನಗೆ ಮೂರು ಎಕರೆ ಜೋಳ, ಮೂವತ್ತು ಗುಂಟೆ ಅಡಿಕೆ, ಬಾಳೆ. ಜೋಳದ ಒಂದು ಬದಿ ಪೂರ್ತಿ ಕಾನಿಗೆ ತಾಗಿದೆ.

ಎಡಪುಟ, ಮಂಗ: ಕಾನಿನ ಕಡೆಯ ಸಾಲುಗಳಲ್ಲಿ ಹಾಲುಗಾಳಿನ ಹೊತ್ತಿಗೆ ಹೋದದ್ದು ಅಂದಾಜು ಮೂರು ಕ್ವಿಂಟಾಲು, ಲೆಕ್ಕಕ್ಕೆ ಸುಲಭವಾಗಲಿ ಅಂತ ಕ್ವಿಂಟಾಲಿಗೆ 2,000 ಹಿಡಿದರೆ 6,000 ರೂಪಾಯಿ. ಬಾಳೆಗೊನೆ 28, ಅದಕ್ಕೆ 4,200. ತೆಂಗಿನಕಾಯಿ 150, ಅದಕ್ಕೆ 1,800. ಹೆಂಚು 900. ಗರ್ನಾಲು, ಕವಣೆ 1,100. ಒಟ್ಟು 14,000.

ಬಲಪುಟ, ಹುಳ: ಮೂರು ಸಲ ಔಷಧಿ, ಕೂಲಿ ಸೇರಿ ಎಕರೆಗೆ ಸಲಕ್ಕೆ 1,100ರ ಹಾಗೆ 9,900. ಅದಷ್ಟೂ ಉದ್ರಿ, ಸುಗ್ಗಿಯವರೆಗೆ ಅಂಗಡಿಯವರು ಹಾಕಿದ ಬಡ್ಡಿ 900. ಹುಳ ಬರುವ ಮೊದಲು, 2017ರಲ್ಲಿ, ಅದೇ ಹೊಲ ಎಕರೆಗೆ 22 ಕ್ವಿಂಟಾಲು ಕೊಟ್ಟಿತ್ತು; ಈಗ 18. ಹನ್ನೆರಡು ಕ್ವಿಂಟಾಲಿಗೆ 24,000. ಒಟ್ಟು 34,800. ಇಳುವರಿ ಇಳಿದದ್ದಕ್ಕೆಲ್ಲ ಹುಳವೇ ಕಾರಣ ಅಂತ ಪ್ರಮಾಣ ಮಾಡಲಾರೆ, ಮಳೆಯೂ ಇರಬಹುದು. ಅರ್ಧ ಕಳೆದರೂ ಹುಳದ ಪುಟವೇ ಭಾರ.

ನೋಡಿದಿರಾ, ಮಂಗ ತಿಂದದ್ದು ಹುಳ ತಿಂದದ್ದರ ಅರ್ಧವೂ ಇಲ್ಲ ಅಂತ ನಾನು ಮನೆಯಲ್ಲಿ ದೊಡ್ಡದಾಗಿ ಓದಿ ಹೇಳಿದೆ. ನಮ್ಮ ಮನೆಯವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಾನು ಕಾದದ್ದು ಯಾವ ಪುಟದಲ್ಲಿದೆ?" ಅಂದಳು.

ನಿಜ, ಬರೆದಿರಲೇ ಇಲ್ಲ. ಬಿತ್ತಿದ ಮೇಲೆ ಮೊಳಕೆ ಕೀಳದ ಹಾಗೆ ಹತ್ತು ದಿನ, ತೆನೆ ಕಟ್ಟಿದ ಮೇಲೆ ಮುರಿಯುವವರೆಗೆ ಐವತ್ತು ದಿನ, ಬೆಳಗ್ಗೆ ಆರೂವರೆಗೆ ಬುತ್ತಿ ಕಟ್ಟಿಕೊಂಡು ಹೋದವಳು ಕತ್ತಲಾದ ಮೇಲೆ ಬರುತ್ತಿದ್ದಳು. ತಗಡಿನ ಡಬ್ಬ ಬಡಿಯುತ್ತ, ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು. ಆ ವರ್ಷ ತವರಿನಲ್ಲಿ ತಮ್ಮನ ಗೃಹಪ್ರವೇಶಕ್ಕೂ ಹೋಗಲಿಲ್ಲ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 309 ರೂಪಾಯಿ ಇತ್ತು. ಅರವತ್ತು ದಿನಕ್ಕೆ 18,540. ಅದನ್ನು ಎಡಪುಟಕ್ಕೆ ಕೂಡಿಸಿದೆ: 32,540. ಹುಳದ ಲೆಕ್ಕಕ್ಕೂ ಇದಕ್ಕೂ ಎರಡು ಸಾವಿರದ ಚಿಲ್ಲರೆ ವ್ಯತ್ಯಾಸ.

ಬಂಧುಗಳೆ, ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ. ಪತಂಗ ನಮ್ಮಿಂದ ರೂಪಾಯಿ ತೆಗೆದುಕೊಳ್ಳುತ್ತದೆ, ಅದಕ್ಕೆ ಚೀಟಿ ಇದೆ, ಬಡ್ಡಿ ಇದೆ, ಕೇಳಲು ಬರುವ ಸಾಲಗಾರನಿದ್ದಾನೆ. ಮಂಗ ನಮ್ಮಿಂದ ದಿನ ತೆಗೆದುಕೊಳ್ಳುತ್ತದೆ, ಹೆಚ್ಚಾಗಿ ನಮ್ಮ ಹೆಂಗಸರ ದಿನ, ಮುದುಕರ ದಿನ, ಕೆಲವು ಕಡೆ ಶಾಲೆ ಬಿಟ್ಟ ಮಕ್ಕಳ ದಿನ. ಅದಕ್ಕೆ ಚೀಟಿ ಇಲ್ಲ. ಬೆಂಬಲ ಬೆಲೆ ನಿಗದಿ ಮಾಡುವಾಗ ಕೈಯಿಂದ ಹಾಕಿದ ಖರ್ಚಿನ ಜೊತೆಗೆ ಮನೆಯವರ ದುಡಿಮೆಯನ್ನೂ ಸೇರಿಸುತ್ತೇವೆ ಅಂತ ಸರ್ಕಾರ ಹೇಳುತ್ತದೆ. ಸರಿ. ಆದರೆ ಲೆಕ್ಕ ಕೇಳಲು ಬಂದವರಿಗೆ ಉಳುಮೆ, ಬಿತ್ತನೆ, ಕಳೆ, ಕಟಾವು ಹೇಳುತ್ತೇವೆಯೇ ಹೊರತು ಅರವತ್ತು ದಿನದ ಕಾವಲನ್ನು ನಮ್ಮಲ್ಲಿ ಎಷ್ಟು ಜನ ಹೇಳಿದ್ದೇವೆ? ನಾನಂತೂ ಹೇಳಿಲ್ಲ.

ಬೆಲೆಯ ವಿಚಾರದಲ್ಲೂ ಇವೆರಡರ ನಡತೆ ಬೇರೆ. ಮಂಗ ತಿಂದ ನಷ್ಟ ಕಾನಿನ ಅಂಚಿನವನದು. ನನ್ನ ಮೂರು ಕ್ವಿಂಟಾಲು ಹೋಯಿತು ಅಂತ ಮಂಡಿಯಲ್ಲಿ ಬೆಲೆ ಒಂದು ಕಾಸೂ ಏರುವುದಿಲ್ಲ. ಹುಳ ಎಲ್ಲರ ಹೊಲಕ್ಕೂ ಬೀಳುತ್ತದೆ, ಮಾಲು ಕಡಿಮೆಯಾಗುತ್ತದೆ, ಬೆಲೆ ಏರಬೇಕು. 2019ರಲ್ಲಿ ಏರಿತು, ಎರಡು ಸಾವಿರ ದಾಟಿತು. ಆದರೆ ಏರಿದ ಕೂಡಲೇ ಕೋಳಿ ಆಹಾರಕ್ಕೆ ಅಂತ ಕಡಿಮೆ ಸುಂಕದಲ್ಲಿ ಹೊರದೇಶದ ಜೋಳಕ್ಕೆ ಬಾಗಿಲು ತೆರೆದರು. 2020ರ ಜೂನ್‌ನಲ್ಲಿ ಮತ್ತೆ 5 ಲಕ್ಷ ಟನ್ನಿಗೆ ಶೇಕಡ 15ರ ಸುಂಕದಲ್ಲಿ ಅನುಮತಿ ಕೊಟ್ಟರು. ಅಷ್ಟು ಹೊತ್ತಿಗೆ ಕೊರೊನಾ ಬಂದು, ಕೋಳಿ ತಿಂದರೆ ರೋಗ ಎಂಬ ಸುಳ್ಳು ಸುದ್ದಿ ಹಬ್ಬಿ, ಜೋಳ ಕೇಳುವವರೇ ಇರಲಿಲ್ಲ. ಆ ವರ್ಷ ರಾಜ್ಯ ಸರ್ಕಾರ ಮೆಕ್ಕೆಜೋಳದವರಿಗೆ 5,000 ರೂಪಾಯಿ ಕೊಟ್ಟದ್ದು ನಿಮಗೆ ನೆನಪಿರಬಹುದು. 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆ 2,400 ಅಂತ ಕಾಗದದಲ್ಲಿತ್ತು, ಮಂಡಿಯಲ್ಲಿ 1,600ರಿಂದ 1,800. ಹುಳ ಆ ವರ್ಷವೂ ರಜೆ ಹಾಕಿರಲಿಲ್ಲ.

ಬೆಳೆ ವಿಮೆಯೂ ಹೀಗೆಯೇ. ಹುಳ ಪಂಚಾಯಿತಿಯಲ್ಲೆಲ್ಲ ಬಿದ್ದು ಸರಾಸರಿ ಇಳುವರಿ ಕುಸಿದರೆ ಏನಾದರೂ ಬಂದೀತು. ಮಂಗ ನನ್ನೊಬ್ಬನ ಐದು ಸಾಲು ತಿಂದದ್ದು ಪಂಚಾಯಿತಿ ಸರಾಸರಿಯಲ್ಲಿ ಎಲ್ಲಿ ಕಾಣಬೇಕು? 2026ರ ಮುಂಗಾರಿನಿಂದ ಕಾಡುಪ್ರಾಣಿಗಳ ಹಾನಿಯನ್ನೂ ಹೊಲದ ಲೆಕ್ಕದಲ್ಲಿ ಸೇರಿಸುತ್ತೇವೆ, 72 ಗಂಟೆಯೊಳಗೆ ಫೋಟೋ ಸಮೇತ ತಿಳಿಸಬೇಕು, ಯಾವ ಪ್ರಾಣಿ ಎಂಬ ಪಟ್ಟಿಯನ್ನು ಆಯಾ ರಾಜ್ಯ ಮಾಡಬೇಕು ಅಂತ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆನೆ, ಹಂದಿ ಅಂದರೆ ಎಲ್ಲರೂ ಒಪ್ಪುತ್ತಾರೆ. ಆ ಪಟ್ಟಿಯಲ್ಲಿ ಮಂಗ ಇರಬೇಕು ಅಂತ ಕೇಳುವವರು ನಾವೇ. ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ, ಪುಸ್ತಕ ಇಟ್ಟು ಕೇಳಬೇಕು.

ಈಗ ನಾನು ಏನು ಮಾಡುತ್ತಿದ್ದೇನೆ ಅಂತ ಕೇಳುತ್ತೀರಿ. ಹುಳಕ್ಕೆ ಮೊದಲು. ಬೇಸಿಗೆಯಲ್ಲಿ ಆಳವಾಗಿ ಉತ್ತು ಕೋಶಗಳನ್ನು ಬಿಸಿಲಿಗೆ, ಹಕ್ಕಿಗೆ ಹಾಕುತ್ತೇನೆ. ಅಕ್ಕಪಕ್ಕದ ನಾಲ್ಕು ಹೊಲದವರು ಒಂದೇ ವಾರದಲ್ಲಿ ಬಿತ್ತುತ್ತೇವೆ. ಒಬ್ಬ ಮುಂದೆ ಒಬ್ಬ ಹಿಂದೆ ಬಿತ್ತಿದರೆ ಪತಂಗಕ್ಕೆ ಹೊಲದಿಂದ ಹೊಲಕ್ಕೆ ಊಟ ಬಡಿಸಿದ ಹಾಗೆ. ಬಿತ್ತಿ ಹತ್ತನೆಯ ದಿನದಿಂದ ಎರಡು ದಿನಕ್ಕೊಮ್ಮೆ ಹೊಲದ ಉದ್ದಗಲ ನಡೆದು ಮೊಟ್ಟೆ ಗುಂಪನ್ನು ಬೆರಳಿನಿಂದ ಹೊಸಕುತ್ತೇನೆ. ಒಂದು ಗುಂಪು ಹೊಸಕಿದರೆ ನೂರು ಹುಳ ಹೋಯಿತು, ಖರ್ಚಿಲ್ಲ. ಮೊದಲು ಬೇವಿನದು. ನೂರು ಗಿಡದಲ್ಲಿ ಹತ್ತು ಗಿಡದ ಸುಳಿ ಕೆಟ್ಟಿದ್ದರೆ ಮಾತ್ರ ದೊಡ್ಡ ಔಷಧಿ, ಅದೂ ಸಂಜೆ, ಸುಳಿಯೊಳಗೆ ಇಳಿಯುವ ಹಾಗೆ. ಒಂದೇ ಔಷಧಿ ಎರಡನೆಯ ಸಲ ಇಲ್ಲ. ತೆನೆ ಬಂದ ಮೇಲೆ ಹೊಡೆಯುವುದು ದುಡ್ಡನ್ನು ಮಣ್ಣಿಗೆ ಸುರಿದ ಹಾಗೆ. ಜಡಿಮಳೆಯ ಕಾಲದಲ್ಲಿ ಹುಳಗಳು ಬೆಳ್ಳಗೆ ಬೂಷ್ಟು ಹಿಡಿದು, ಆಮೇಲೆ ಹಸಿರು ಪುಡಿಯಾಗಿ, ಎಲೆಗೆ ಅಂಟಿಕೊಂಡು ಸತ್ತಿರುವುದನ್ನು ನೋಡಿದ್ದೀರಾ? ಅದು ಒಂದು ಶಿಲೀಂಧ್ರ, ನಮ್ಮ ಹೊಲದಲ್ಲೇ ಇರುವುದು. ಅದು ಕಂಡರೆ ಔಷಧಿ ಹೊಡೆಯದೆ ಕಾಯಿರಿ. ಆಳು ಬೇಡ, ಉದ್ರಿ ಬೇಡ.

ಒಂದು ಎಚ್ಚರಿಕೆ. ತೌಡು, ಬೆಲ್ಲ ಕಲಸಿ ಹುಳಿ ಬರಿಸಿ ಔಷಧಿ ಬೆರೆಸುವ ವಿಷ ಪಾಷಾಣ ಹುಳಕ್ಕೆ ಒಳ್ಳೆಯದೇ. ಆದರೆ ಸುಳಿಗೆ ಚಿಟಿಕೆ ಚಿಟಿಕೆ ಹಾಕಬೇಕು. ಕಲಸಿದ ಬುಟ್ಟಿಯನ್ನು ಬದುವಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಬೆಲ್ಲದ ವಾಸನೆಗೆ ದನ ಬರುತ್ತದೆ, ನಾಯಿ ಬರುತ್ತದೆ, ಮಂಗ ಬರುತ್ತದೆ, ಮಕ್ಕಳೂ ಬರುತ್ತವೆ.

ಮಂಗಕ್ಕೆ ಇಷ್ಟು ಸಲೀಸಾದ ಉಪಾಯ ನನ್ನಲ್ಲಿಲ್ಲ. ಕಾನಿನ ಬದಿಯ ಹತ್ತು ಸಾಲಿನ ಜಾಗದಲ್ಲಿ ಈಗ ಶುಂಠಿ ಹಾಕುತ್ತೇನೆ. ಕಿತ್ತು ಎಸೆಯುತ್ತವೆ, ತಿನ್ನುವುದಿಲ್ಲ, ಎಸೆದದ್ದನ್ನು ಆರಿಸಿಕೊಳ್ಳಬಹುದು. ಅಂಚಿನ ಮೂರು ಮನೆಯವರು ಸೇರಿ ಕಾವಲಿಗೆ ಪಾಳಿ ಹಾಕಿಕೊಂಡಿದ್ದೇವೆ. ಒಬ್ಬರು ಕೂತರೆ ಮೂರೂ ಹೊಲಕ್ಕೆ ಕಣ್ಣು. ಗಂಡಸರಿಗೂ ಪಾಳಿ ಇದೆ; ಮೊದಲ ವರ್ಷ ನಾನು ಪಾಳಿಗೆ ಕೂತು ನಿದ್ದೆ ಮಾಡಿ ಬೈಸಿಕೊಂಡದ್ದೂ ಆಯಿತು. ನಮ್ಮ ಮನೆಯವಳ ಅರವತ್ತು ದಿನ ಈಗ ಇಪ್ಪತ್ತಕ್ಕೆ ಇಳಿದಿದೆ. ಬೇಲಿಯ ಆಚೆ ಅತ್ತಿ, ನೇರಳೆ, ಬಸರಿ ಒಂದಷ್ಟು ನೆಟ್ಟಿದ್ದೇವೆ. ಹಣ್ಣು ಬರುವ ಹೊತ್ತಿಗೆ ನಾನು ಎಪ್ಪತ್ತು ದಾಟಿರುತ್ತೇನೆ, ಆದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನೀವು ಮಾಡಬೇಕಾದ ಒಂದೇ ಕೆಲಸ ಹೇಳಿ ಕೂರುತ್ತೇನೆ. ಮುಂದಿನ ಸಭೆಗೆ ಬರುವಾಗ ಪ್ರತಿ ಮನೆಯಿಂದ ಒಂದು ನೂರು ಪುಟದ ಪುಸ್ತಕ ತನ್ನಿ. ಎಡಕ್ಕೆ ಮಂಗ, ಬಲಕ್ಕೆ ಹುಳ. ಮಂಗ ಬಂದ ತಾರೀಖು, ಏನು ಹೋಯಿತು, ಆ ದಿನ ಕಾವಲಿಗೆ ಕೂತವರ ಹೆಸರು, ಎಷ್ಟು ಹೊತ್ತು. ಹುಳಕ್ಕೆ ತಂದ ಔಷಧಿಯ ಹೆಸರು, ಅಂಗಡಿ ಚೀಟಿ, ಬಡ್ಡಿ. ಐವತ್ತು ಮನೆಯ ಪುಸ್ತಕ ಒಂದೆಡೆ ಕೂಡಿದರೆ ಪಂಚಾಯಿತಿಯಲ್ಲೂ ಇಡಬಹುದು, ತಾಲೂಕು ಕೃಷಿ ಕಚೇರಿಯಲ್ಲೂ ಇಡಬಹುದು. ಬರೆಯುವ ಕೆಲಸವನ್ನು ಕಾವಲು ಕೂರುವವರಿಗೇ ಕೊಡಿ. ನಮ್ಮ ಮನೆಯ ಪುಸ್ತಕ ಈಗ ಅವಳ ಹತ್ತಿರವೇ ಇದೆ. ಇವತ್ತು ಇಲ್ಲಿ ಓದಲು ಕೇಳಿ ತಂದಿದ್ದೇನೆ, ಸಂಜೆಯೊಳಗೆ ವಾಪಸು ಕೊಡಬೇಕು.